ರೋಲರ್ ಒರಟಾದಷ್ಟೂ ಒಳ್ಳೆಯದಲ್ಲ

ಸಂಪಾದಕರಿಗೆ,

ಮಾನ್ಯರೇ,

ಸೈಕಲ್ಲಿಗೆ ಪುಟ್ಟ ಎಂಜಿನ್ ಕೂರಿಸಿ, ಟೈರಿಗೆ ರೋಲರ್ ಒತ್ತಿ ಓಡಿಸುವ ಬಗೆಯನ್ನು ವಿವರಿಸಿದ ತಮ್ಮ ಪತ್ರಿಕೆಯ ಬರಹದಲ್ಲಿ ‘ರೋಲರ್ ಎಷ್ಟು ಒರಟೋ ಅಷ್ಟು ಹಿಡಿತ’ ಎಂದಿತ್ತು. ಅದನ್ನು ನಂಬಿ ಚೂಪು ಹಲ್ಲಿನ ನರ್ಲಿಂಗ್ (ಲೋಹದ ಮೈಮೇಲೆ ಒತ್ತಿ ಮೂಡಿಸುವ ಒರಟು ಅಚ್ಚು) ಹೊಡೆಸಿದರೆ ಟೈರು ಬಹುಬೇಗ ಬೋಳಾಗುತ್ತದೆ. ಒರಟು ಬೇಕು ನಿಜ, ಆದರೆ ಅದು ಸಣ್ಣ ಒರಟಾಗಿರಬೇಕು, ಗಟ್ಟಿಯಾಗಿರಬೇಕು. ಅದಕ್ಕಿಂತ ಮೊದಲು ರೋಲರನ್ನು ಟೈರಿಗೆ ಒತ್ತುವ ಒತ್ತಡ ಸರಿಯಿರಬೇಕು.

ಲೆಕ್ಕ ಸುಲಭ. ಗಂಟೆಗೆ 25 ಕಿ.ಮೀ. ವೇಗದಲ್ಲಿ 500 ವ್ಯಾಟ್ ಶಕ್ತಿ ದಾಟಿಸಲು ಟೈರಿನ ಮೈಯನ್ನು ಸುಮಾರು 7 ಕೆ.ಜಿ. ಬಲದಿಂದ ತಳ್ಳಬೇಕು. ಒಣ ಟೈರಿನ ಮೇಲೆ ಘರ್ಷಣಾಂಕ (ಒತ್ತಿದ ಬಲದಲ್ಲಿ ಎಷ್ಟು ಪಾಲು ಹಿಡಿತವಾಗುತ್ತದೆ ಎಂಬ ಅಂಕ) 0.6 ಸಿಕ್ಕಿತೆಂದರೆ 12 ಕೆ.ಜಿ. ಒತ್ತಿದರೆ ಸಾಕು. ಮಳೆಯಲ್ಲಿ ಅದೇ ಅಂಕ 0.25ಕ್ಕೆ ಇಳಿದರೆ 29 ಕೆ.ಜಿ. ಬೇಕು. ಅಷ್ಟು ಒತ್ತಿದರೆ ರೋಲರ್ ಟೈರಿನೊಳಗೆ ಹೂತು, ಬಹಳಷ್ಟು ಶಕ್ತಿ ರಬ್ಬರು ಕಾಯಿಸುವುದಕ್ಕೇ ಹೋಗುತ್ತದೆ. ರೋಲರಿನ ವಸ್ತುವನ್ನು ಆರಿಸುವುದು ಈ ಎರಡು ಅಂಕಗಳ ನಡುವಿನ ಅಂತರ ತಗ್ಗಿಸಲಿಕ್ಕೆ. ಒಣಗಿದ್ದಾಗ ಬಹುತೇಕ ಯಾವ ರೋಲರಾದರೂ ಓಡುತ್ತದೆ.

ನುಣುಪಾದ ಉಕ್ಕು, ನೈಲಾನ್ ಎರಡನ್ನೂ ಬಿಟ್ಟುಬಿಡಿ. ನೈಲಾನಿನ ಗುಣವೇ ಜಾರುವುದು, ಅದನ್ನು ಬುಷ್ (ಶಾಫ್ಟು ಜಾರಿ ತಿರುಗಲು ಹಾಕುವ ಬಳೆ) ಮಾಡಲು ಬಳಸುವುದೂ ಅದಕ್ಕೇ. ಅಲ್ಯೂಮಿನಿಯಂ ಹಗುರ, ಲೇತಿನಲ್ಲಿ ಬೆಣ್ಣೆಯಂತೆ ಕಡಿಯುತ್ತದೆ. ಆದರೆ ರಸ್ತೆಯ ಮರಳು ಟೈರಿಗೆ ಮೆತ್ತಿ ಉಪ್ಪುಕಾಗದದಂತೆ ಉಜ್ಜುವುದರಿಂದ ಅದರ ನರ್ಲಿಂಗ್ ಬೇಗನೆ ಅಳಿಸಿಹೋಗುತ್ತದೆ. ಸವೆದಂತೆ ವ್ಯಾಸವೂ ಕುಗ್ಗುತ್ತದೆ, ಒತ್ತಡವೂ ಸಡಿಲುತ್ತದೆ.

ಸ್ಕೇಟ್‌ಬೋರ್ಡ್ ಚಕ್ರದ ಪಾಲಿಯುರೆಥೇನ್ ಅನೇಕರ ಮೆಚ್ಚಿನ ವಸ್ತು. ಸದ್ದಿಲ್ಲ, ಟೈರಿಗೆ ಮೃದು, ಒಣ ರಸ್ತೆಯಲ್ಲಿ ಹಿಡಿತ ಚೆನ್ನ. ಅದರ ಶತ್ರುಗಳು ನೀರು ಮತ್ತು ಶಾಖ. ಎಂಜಿನ್ನಿನ ಶಾಖ ಶಾಫ್ಟಿನ ಮೂಲಕವೇ ರೋಲರಿಗೆ ಬರುತ್ತದೆ. 80 ಡಿಗ್ರಿ ಆಸುಪಾಸಿಗೆ ಬಂದರೆ ಯುರೆಥೇನ್ ಮೆತ್ತಗಾಗಿ, ನಡುವಿನ ಗುಂಬದಿಂದ (ಹಬ್) ಬಿಟ್ಟುಕೊಂಡು ತಾನೊಂದೇ ತಿರುಗತೊಡಗುತ್ತದೆ. ವಿದ್ಯುತ್ ಮೋಟಾರಿಗೆ, ಒಣ ಹವೆಗೆ ಮಾತ್ರ ಸರಿ. ರಬ್ಬರಿನ ರೋಲರಂತೂ ಬೇಡ, ರೋಲರೂ ಟೈರೂ ಒಂದನ್ನೊಂದು ತಿನ್ನುತ್ತವೆ.

ಫ್ರಾನ್ಸಿನಲ್ಲಿ 1946ರಲ್ಲಿ ಮಾರುಕಟ್ಟೆಗೆ ಬಂದ ವೆಲೊಸೊಲೆಕ್ಸ್ ಮೊಪೆಡ್ಡು ಮುಂದಿನ ಚಕ್ರಕ್ಕೆ ಒತ್ತಿದ್ದು ಕಾರ್ಬೊರಂಡಮ್ (ಸಿಲಿಕಾನ್ ಕಾರ್ಬೈಡ್) ರೋಲರನ್ನು, ಅಂದರೆ ಸಾಣೆಕಲ್ಲಿನ ಜಾತಿಯನ್ನೇ. ಕಾಳು ಸಣ್ಣ, ಗಡಸು ಹೆಚ್ಚು: ನೀರಿನ ಪದರವನ್ನು ಚುಚ್ಚಿ ರಬ್ಬರನ್ನು ಮುಟ್ಟುತ್ತದೆ, ಆದರೆ ಅದನ್ನು ಸೀಳುವುದಿಲ್ಲ. ಇದಕ್ಕೆ ಹತ್ತಿರದ್ದನ್ನು ಮನೆಯಲ್ಲೇ ಮಾಡಬಹುದು. ಉಕ್ಕಿನ ಕೊಳವೆಯನ್ನು ಲೇತಿನಲ್ಲಿ ಒರಟಾಗಿ ಕಡೆದು, ಅಸಿಟೋನಿನಲ್ಲಿ ಜಿಡ್ಡು ತೆಗೆದು, ಎಪಾಕ್ಸಿ ಅಂಟನ್ನು ತೆಳುವಾಗಿ ಬಳಿದು, 60 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿಯ ಮೇಲೆ ಹೊರಳಿಸಿ, 24 ಗಂಟೆ ಬಿಟ್ಟು, ಸಡಿಲ ಕಾಳನ್ನು ತಂತಿ ಬ್ರಷ್ಷಿನಿಂದ ಉದುರಿಸಿ. ವ್ಯಾಸ ಅರ್ಧ ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಸಾಮಾನ್ಯ ಎಪಾಕ್ಸಿ 60 ಡಿಗ್ರಿಯ ಹತ್ತಿರವೇ ಸಡಿಲುವುದರಿಂದ ಬಿಸಿ ಎಂಜಿನ್ನಿಗೆ ಇದೂ ಹೊಂದದು. ಅಂಟಿಸುವ ಗ್ರಿಪ್ ಟೇಪಿನ (ಒರಟು ಮೈಯ ಪಟ್ಟಿ) ಕಥೆಯೂ ಇಷ್ಟೇ, ಅದು ಇನ್ನೂ ಬೇಗ ಬಿಚ್ಚುತ್ತದೆ.

ಎಂಜಿನ್ನಿಗೆ ಉಕ್ಕೇ ಸೈ. ಆದರೆ ವಜ್ರಾಕಾರದ ನರ್ಲಿಂಗ್‌ಗಿಂತ, ಅಕ್ಷಕ್ಕೆ ಸಮಾಂತರವಾದ ಗೀರುಗಳು ಮೇಲು. ವಜ್ರಾಕಾರದ ಅಚ್ಚಿನ ಗುಳಿಗಳಲ್ಲಿ ರಬ್ಬರು ಹುಡಿ ಮತ್ತು ಕೆಸರು ಸೇರಿ ಗಟ್ಟಿಯಾದರೆ ಒರಟು ರೋಲರ್ ನುಣುಪಾಗಿಬಿಡುತ್ತದೆ. ನೇರ ಗೀರಿನಲ್ಲಿ ಅದು ಪಕ್ಕಕ್ಕೆ ಹೊರಬೀಳುತ್ತದೆ. 32 ಮಿ.ಮೀ. ವ್ಯಾಸಕ್ಕೆ ಒಂದು ಮಿ.ಮೀ. ಆಳದ 10–12 ಗೀರು ಸಾಕು. ಅಂಚುಗಳನ್ನು ಅರದಿಂದ ಮೊಂಡು ಮಾಡಲೇಬೇಕು, ಆಮೇಲೆ ಕೇಸ್ ಹಾರ್ಡನಿಂಗ್ (ಉಕ್ಕಿನ ಹೊರಮೈಯನ್ನಷ್ಟೇ ಗಡಸು ಮಾಡುವುದು). (12 ಗೀರು, ನಿಮಿಷಕ್ಕೆ 7,000 ಸುತ್ತು ಎಂದರೆ ಸೆಕೆಂಡಿಗೆ 1,400 ಬಡಿತ. ಸಿಳ್ಳೆಯಂಥ ಸದ್ದು ಬರುತ್ತದೆ, ಕೆಟ್ಟಿದೆಯೆಂದು ಎಂಜಿನ್ ಬಿಚ್ಚಬೇಡಿ.)

ವ್ಯಾಸವೇ ಇಲ್ಲಿ ಗೇರು. 7,000 ಸುತ್ತಿಗೆ 25 ಮಿ.ಮೀ. ರೋಲರ್ ಗಂಟೆಗೆ 33 ಕಿ.ಮೀ. ಕೊಟ್ಟರೆ 32 ಮಿ.ಮೀ. ರೋಲರ್ 42 ಕೊಡುತ್ತದೆ. ವೇಗದ ಆಸೆಗೆ ದೊಡ್ಡದು ಹಾಕಿದರೆ ಏರಿನಲ್ಲಿ ಎಂಜಿನ್ ಉಸಿರುಕಟ್ಟುತ್ತದೆ. ತೀರ ಸಣ್ಣದಾದರೆ ಟೈರಿನಲ್ಲಿ ಆಳಕ್ಕೆ ಹೂತು ಶಕ್ತಿ ನಷ್ಟ.

ರೋಲರಿಗೆ ಎರಡೂ ಬದಿಯಲ್ಲಿ ಬೇರಿಂಗ್ ಇರಲಿ. ಒಂದೇ ಬದಿಗೆ ನೇತುಬಿದ್ದರೆ ಒತ್ತಡವೆಲ್ಲ ಎಂಜಿನ್ನಿನ ಬೇರಿಂಗಿನ ಮೇಲೆ. ರೋಲರನ್ನು ಶಾಫ್ಟಿಗೆ ಬಿಗಿಯಲು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಒಂದನ್ನೇ ನೆಚ್ಚಬಾರದು, ಕೀವೇ (ಎರಡನ್ನೂ ಕಚ್ಚಿ ಹಿಡಿಯುವ ಬೆಣೆ ಕೂರುವ ಕಾಲುವೆ) ಬೇಕು. ಟೈರು ಉಬ್ಬುಗಳಿಲ್ಲದ ನುಣುಪಿನದಾಗಿರಲಿ, ಗಾಳಿಯನ್ನು ಅದರ ಬದಿಯಲ್ಲಿ ಬರೆದ ಗರಿಷ್ಠಕ್ಕೆ ಹತ್ತಿರ ತುಂಬಿಸಿ. ನಿಂತಲ್ಲಿಂದಲೇ ಎಂಜಿನ್ ಜೋಡಿಸಬೇಡಿ: ತಿರುಗದ ಟೈರಿನ ಮೇಲೆ ರೋಲರ್ ಗಿರಗಿರ ತಿರುಗಿ ಒಂದೇ ಕಡೆ ಹಳ್ಳ ಬೀಳುತ್ತದೆ. ಪೆಡಲ್ ತುಳಿದು ಗಂಟೆಗೆ ಹತ್ತು ಕಿ.ಮೀ. ಆದ ಮೇಲೆ ಒತ್ತಿ.

ಮೊದಲ 50 ಕಿ.ಮೀ. ಆದ ಬಳಿಕ ರೋಲರಿನ ಸುತ್ತ ಬಿದ್ದ ರಬ್ಬರನ್ನು ಬೆರಳಿಗೆ ಹಚ್ಚಿ ನೋಡಿ. ಒಣ ಕರಿ ಹುಡಿಯಾದರೆ ಸಹಜ ಸವೆತ. ಪೆನ್ಸಿಲ್ ಬರಹ ಅಳಿಸಿದಾಗ ಬರುವಂಥ ಸುರುಳಿಯಾಗಿ, ಅಂಟಂಟಾಗಿದ್ದರೆ ರೋಲರ್ ಜಾರುತ್ತಿದೆ. ಆಗ ಹೊಸ ರೋಲರ್ ಹುಡುಕುವ ಮೊದಲು, ರೋಲರನ್ನು ಟೈರಿಗೆ ಒತ್ತುವ ಸ್ಪ್ರಿಂಗನ್ನು ಒಂದು ಸುತ್ತು ಬಿಗಿಯಿರಿ.

ಇಂತಿ,
ಒಬ್ಬ ಟರ್ನರ್