ದೂರು ಪತ್ರ: ಪೆಂಡೆಂಟ್‌ನಲ್ಲಿ 12,000, ಸ್ಪಿಂಡಲ್‌ನಲ್ಲಿ 16,000

ಇಂದ:
ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ಟ್ರಿಮ್ಮಿಂಗ್ ವಿಭಾಗ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಮಂಗಳೂರು

ಗೆ:
ಸರ್ವೀಸ್ ಮ್ಯಾನೇಜರ್, ರೋಬೋಟ್ ಸೆಲ್ ಪೂರೈಸಿದ ಸಂಸ್ಥೆ

ವಿಷಯ: ರೋಬೋಟ್ ತೋಳಿನ ಸ್ಪಿಂಡಲ್ (ಕಟರ್ ತಿರುಗಿಸುವ ಮೋಟಾರು) ಕೊಟ್ಟ ವೇಗ ಮೀರಿ ತಿರುಗುವುದು, ಅದು ನಿಲ್ಲುವ ಮೊದಲೇ ಬಾಗಿಲಿನ ಲಾಕ್ ಬಿಡುವುದು

ಮಾನ್ಯರೇ,

ದೋಣಿಯ ಅಂಚು ಕತ್ತರಿಸಲು ನೀವು ಕೂರಿಸಿಕೊಟ್ಟ ಸೆಲ್‌ನಲ್ಲಿ ಪೆಂಡೆಂಟ್ (ರೋಬೋಟ್ ಓಡಿಸುವ ಕೈ ಫಲಕ) ತೋರಿಸುವ ವೇಗಕ್ಕೂ ಸ್ಪಿಂಡಲ್ ತಿರುಗುವ ವೇಗಕ್ಕೂ ತಾಳೆಯಿಲ್ಲ. ಕಟರ್ ತೆಗೆದು, ಕಟರ್ ಹಿಡಿಯುವ ಕೊಲೆಟ್‌ಗೆ 6 ಎಂಎಂನ ಗಿಡ್ಡ ಪಿನ್ ಹಿಡಿಸಿ, ನಟ್ ಮೇಲೆ ಬಿಳಿ ಪೈಂಟಿನ ಗೆರೆ ಎಳೆದು ವೇಗ ಅಳೆಯುವ ಟ್ಯಾಕೋಮೀಟರ್ ಹಿಡಿದೆವು. 6,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಕೊಟ್ಟರೆ ಹೆಚ್ಚುಕಡಿಮೆ 8,000 ಬರುತ್ತದೆ. 12,000 ಕೊಟ್ಟರೆ 15,900.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಎರಡು ಪೋಲಿನ ಈ ಮೋಟಾರು 400 ಹರ್ಟ್ಸ್‌ನಲ್ಲಿ 24,000 ಆರ್‌ಪಿಎಂ ಓಡುತ್ತದೆ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಆದ ವಿಎಫ್‌ಡಿಯಲ್ಲಿ ಕಂಟ್ರೋಲರ್ ಕಳಿಸುವ 10 ವೋಲ್ಟ್ ಸಿಗ್ನಲ್‌ಗೆ 400 ಹರ್ಟ್ಸ್ ಎಂದೇ ಇದೆ. ರೋಬೋಟ್ ಕಂಟ್ರೋಲರ್‌ನಲ್ಲಿ ಮಾತ್ರ 10 ವೋಲ್ಟ್ ಎಂದರೆ 18,000. ಬೇರೆ ಯಾವುದೋ ಸೆಲ್‌ನ ಬ್ಯಾಕಪ್ ಲೋಡ್ ಮಾಡಿ ಹೋದಂತಿದೆ. ನಮ್ಮ 80 ಎಂಎಂ ಡಿಸ್ಕ್ ಕಟರ್ ಮೇಲೆ ಗರಿಷ್ಠ 12,000 ಎಂದು ಕೊರೆದಿದೆ. 16,000ದಲ್ಲಿ ಅದರ ಅಂಚಿನ ವೇಗ ಸೆಕೆಂಡಿಗೆ 50 ಮೀಟರಿನಿಂದ 67ಕ್ಕೆ ಏರುತ್ತದೆ, ಹಲ್ಲುಗಳನ್ನು ಹೊರಗೆಳೆಯುವ ಬಲ ಸುಮಾರು 1.8 ಪಟ್ಟಾಗುತ್ತದೆ.

"ಪ್ರೋಗ್ರಾಮಿನಲ್ಲಿ ಮುಕ್ಕಾಲು ಹಾಕಿ ಓಡಿಸಿ" ಎಂದು ನಿಮ್ಮ ಎಂಜಿನಿಯರ್ ಫೋನಿನಲ್ಲಿ ಹೇಳಿದರು. ಇದು ರಿಪೇರಿಯಲ್ಲ. ರಾತ್ರಿ ಪಾಳಿಯವರು ಕಟರ್ ಮೇಲಿನ ಅಂಕಿ ನೋಡಿ ಅದನ್ನೇ ಒತ್ತುತ್ತಾರೆ, ಒತ್ತಬೇಕಾದದ್ದೂ ಅದನ್ನೇ.

ಬಾಗಿಲಿನದು ಇದಕ್ಕಿಂತ ಗಂಭೀರ. ಸ್ಟಾಪ್ ಒತ್ತಿ 8 ಸೆಕೆಂಡಿಗೆ ಟೈಮರ್ ಲಾಕ್ ಬಿಡುತ್ತದೆ. ಡಿಸ್ಕ್ ಕಟರ್ ಹಾಕಿ ನಿಜವಾದ 12,000ದಿಂದ ನಿಲ್ಲಿಸಿದಾಗ ಅದು ಪೂರ್ತಿ ನಿಂತದ್ದು 38ನೇ ಸೆಕೆಂಡಿಗೆ. ಪ್ಯಾನೆಲ್‌ನಲ್ಲಿ ಆ ಶಕ್ತಿಯನ್ನು ಶಾಖವಾಗಿ ಕಳೆಯುವ ಬ್ರೇಕಿಂಗ್ ರೆಸಿಸ್ಟರೇ ಇಲ್ಲ. ವೇಗ ಇಳಿಸುವಾಗ ಕಟರ್‌ನ ಶಕ್ತಿ ಡ್ರೈವಿಗೆ ವಾಪಸು ಬಂದು ಓವರ್‌ವೋಲ್ಟೇಜ್ ಟ್ರಿಪ್ ಆಗುತ್ತದೆ, ಆಮೇಲೆ ಸ್ಪಿಂಡಲ್ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿದರೂ ಅಷ್ಟೇ: ಆಗ ಕೆಲಸ ಮಾಡುವ "ಸೇಫ್ ಟಾರ್ಕ್ ಆಫ್" ಎಂಬ ವ್ಯವಸ್ಥೆ ಮೋಟಾರಿನ ಬಲ ತೆಗೆಯುತ್ತದೆ, ಬ್ರೇಕ್ ಹಾಕುವುದಿಲ್ಲ. ಡಸ್ಟ್ ಕಲೆಕ್ಟರಿನ ಸದ್ದಿನಲ್ಲಿ ಸ್ಪಿಂಡಲ್ ಸದ್ದು ಕೇಳಿಸುವುದೂ ಇಲ್ಲ.

ಆದ್ದರಿಂದ ಕಂಟ್ರೋಲರ್ ಸ್ಕೇಲಿಂಗ್ 24,000ಕ್ಕೆ ತಿದ್ದಿ, ಪ್ರತಿ ಕಟರ್‌ಗೂ ಗರಿಷ್ಠ ವೇಗವನ್ನು ಟೂಲ್ ಟೇಬಲ್‌ನಲ್ಲಿ ಲಾಕ್ ಮಾಡಿಕೊಡಿ. ಡ್ರೈವಿಗೆ ಹೊಂದುವ ರೆಸಿಸ್ಟರ್ ಹಾಕಿ. ಎಮರ್ಜೆನ್ಸಿಯಲ್ಲೂ ಮೊದಲು ವೇಗ ಇಳಿದು ಆಮೇಲೆ ಟಾರ್ಕ್ ಹೋಗುವಂತೆ ವೈರಿಂಗ್ ಬದಲಿಸಿ. ಟೈಮರ್ ತೆಗೆದು, ಸ್ಪಿಂಡಲ್ ನಿಂತದ್ದನ್ನು ಗುರುತಿಸುವ ರಿಲೇಯಿಂದ ಮಾತ್ರ ಬಾಗಿಲು ಬಿಡಬೇಕು.

ಇನ್ನೊಂದು, ಸ್ಪಿಂಡಲ್ ತಂಪಾಗಿಸುವ ಚಿಲ್ಲರ್ 18 ಡಿಗ್ರಿಗೆ ಇಟ್ಟಿದ್ದೀರಿ. ಮಳೆಗಾಲದ ಮಂಗಳೂರಿನಲ್ಲಿ ಅಷ್ಟು ತಣ್ಣಗಿನ ಸ್ಪಿಂಡಲ್ ಬೆವರುತ್ತದೆ, ಬೇರಿಂಗಿಗೆ ನೀರು ಇಳಿಯುತ್ತದೆ. ಹೋಸ್ ಮೇಲೆ ಆಗಲೇ ಹನಿ ಕಟ್ಟಿದೆ. ಸದ್ಯಕ್ಕೆ ನಾವೇ 27ಕ್ಕೆ ಏರಿಸಿದ್ದೇವೆ.

ಡಿಸ್ಕ್ ಕಟರ್ ಕೆಲಸ ನಿಲ್ಲಿಸಿದ್ದೇವೆ, ಬಾಗಿಲಿಗೆ ಬೀಗ ಹಾಕಿ ಕೀಲಿ ಸೂಪರ್‌ವೈಸರ್ ಬಳಿ ಇದೆ. 10 ದಿನದೊಳಗೆ ಬಂದು ಸರಿಮಾಡಿ, 6,000, 12,000, 18,000ದ ಟ್ಯಾಕೋಮೀಟರ್ ರೀಡಿಂಗ್ ಮತ್ತು ನಿಲ್ಲುವ ಸಮಯವನ್ನು ಬರೆದು ಸಹಿ ಹಾಕಿ ಕೊಡಿ. ಬರುವಾಗ ರೆಸಿಸ್ಟರ್ ಜೊತೆಗೇ ತನ್ನಿ, ನೋಡಿ ಹೋಗಲೆಂದೇ ಒಂದು ಸಲ ಬರುವುದು ಬೇಡ.

ಇಂತಿ,
ಮೇಂಟೆನೆನ್ಸ್ ಮತ್ತು ಸುರಕ್ಷತಾ ಉಸ್ತುವಾರಿ