ಕೊನೆಯ ಸಲ ಕುಡಿದದ್ದು ಯಾವಾಗ?

ಹೋದ ವಾರ ಫಲಿತಾಂಶ ಬಂತು. ಪಾಸಾಗಿದ್ದೇನೆ. ಮದ್ಯ ಮತ್ತು ಮಾದಕ ವ್ಯಸನದ ಆಪ್ತಸಮಾಲೋಚಕರಿಗೆ ಕೊಲಂಬೊ ಪ್ಲಾನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕಡೆಯಿಂದ ನಡೆಯುವ ಐಕ್ಯಾಪ್ ಪರೀಕ್ಷೆಯ ಮೊದಲ ಹಂತ ಅದು. ಅವತ್ತಿನಿಂದ ಫೋನು, ಮೆಸೇಜು ನಿಂತಿಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂತ ಕೂತೆ. ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಎರಡು ವರ್ಷ ಹೇಗೆ ಓದಿದೆ, ಎಷ್ಟು ಸಲ ಬಿಟ್ಟುಬಿಡುತ್ತೇನೆ ಅಂದೆ, ಅದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ? ಮತ್ತೆ ಹೇಳುವುದಿಲ್ಲ.

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಅನ್ನುವುದು ನಮ್ಮ ಕೆಲಸದ ಮೊದಲ ಪಾಠ. ನನಗೆ ಕಲಿಸಿದವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ನಾನು ಕೆಲಸ ಮಾಡುವ ವ್ಯಸನಮುಕ್ತಿ ಕೇಂದ್ರದ ವಾರ್ಡಿನಲ್ಲಿ ಮಲಗಿದ್ದವರು. ಕಾಕಾ ಮಾತ್ರ, "ನಂದು ಎಲ್ಲಾ ಬರೀರಿ ಮೇಡಮ್ಮಾರ, ಹೆಸರೊಂದ ಬ್ಯಾಡ" ಅಂದಿದ್ದಾರೆ.

ನಮ್ಮ ಕೇಂದ್ರಕ್ಕೆ ಬಂದವರಿಗೆಲ್ಲ ಕಾಕಾ ಗೊತ್ತು. ರಾತ್ರಿ ಪಾಳಿ ಅವರದು. ಬೀಗದ ಕೈ ಅವರ ಹತ್ತಿರ ಇರುತ್ತದೆ. ನಿದ್ದೆ ಬಾರದೆ ಒದ್ದಾಡುವವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಮೊದಲು ಇಳಕಲ್ಲಿನಲ್ಲಿ ನೇಕಾರರಾಗಿದ್ದರು. ಕುಡಿತ ಬಿಟ್ಟು ಹನ್ನೊಂದು ವರ್ಷ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಬಂದು, ದುಡ್ಡು ಬೇಡ, ನಿಮ್ಮ ಚಟ ಹಾಕಿ ಅಂತ ಕೇಳುತ್ತಿದ್ದರಲ್ಲ, ಆ ಜೋಳಿಗೆಗೆ ಎರಡು ಸಲ ಹಾಕಿದವರು ಇವರು. ಮೊದಲ ಸಲ ಹಾಕಿದ್ದು ಆರು ತಿಂಗಳಿಗೆ ವಾಪಸ್ ಬಂತು. ಎರಡನೇ ಸಲ ಹಾಕಿದ್ದು ಇವತ್ತಿಗೂ ಅಲ್ಲೇ ಇದೆ. ಶಿವಯೋಗಿ ಅಪ್ಪನವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1, ಸರ್ಕಾರ ಅದನ್ನು ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಅವತ್ತು ಕಾಕಾ ಹೊಸ ಅಂಗಿ ಹಾಕಿಕೊಂಡು ಡ್ಯೂಟಿಗೆ ಬರುತ್ತಾರೆ.

ನನಗೆ ಮನೆಯಲ್ಲಿ ಓದಲು ಜಾಗ ಇರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಕೇಂದ್ರದ ಆಫೀಸ್ ಕೋಣೆಯಲ್ಲೇ ಓದುತ್ತಿದ್ದೆ. ತಡವಾದರೆ ಸಿಸ್ಟರ್ ಕೋಣೆಯಲ್ಲಿ ಮಲಗುತ್ತಿದ್ದೆ. ಪುಸ್ತಕ ಎಲ್ಲ ಇಂಗ್ಲಿಷ್. ಒಂದು ಪ್ಯಾರಾ ಮೂರು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಕಾಕಾಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಎದುರಿಗೆ ಕೂತು, "ಏನ್ ಹೇಳ್ತೇತಿ ಅದು, ನನಗ ಹೇಳ್ರಿ" ಅನ್ನುತ್ತಿದ್ದರು. ಅವರಿಗೆ ತಿಳಿಯುವ ಹಾಗೆ ಹೇಳಬೇಕಾದರೆ ಮೊದಲು ನನಗೆ ತಿಳಿಯಬೇಕಿತ್ತು. ಹಾಗೆ ಕಲಿತೆ.

ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಅನ್ನುವವರು ಹೇಳಿದ ಬದಲಾವಣೆಯ ಐದು ಹಂತಗಳು ನನಗೆ ಯಾವಾಗಲೂ ಹಿಂದುಮುಂದಾಗುತ್ತಿದ್ದವು. ಕಾಕಾ ಕೇಳಿಸಿಕೊಂಡು, ಬೆರಳು ಮಡಚುತ್ತಾ ಹೇಳಿದರು: "ನನಗೇನಾಗೇತಿ? ಇದು ಒಂದು. ಬಿಡಬೇಕೇನೋ ಅನಸ್ತೇತಿ, ಇದು ಎರಡು. ಸೋಮವಾರದಿಂದ ಬಿಡ್ತೀನಿ, ಮೂರು. ಬಿಟ್ಟೀನಿ, ನಾಕು. ಬಿಟ್ಟದ್ದನ್ನ ಉಳಿಸ್ಕೊಂಡು ಹೋಗೂದು ಐದು. ಐದನೇದರಾಗ ಇದ್ದಾಂವ ಒಂದಕ್ಕ ಜಾರೂದಕ್ಕ ಒಂದ ಮದವಿ ಸಾಕು." ಆಮೇಲೆ ನಾನು ಆ ಹಂತಗಳನ್ನು ಮರೆತಿಲ್ಲ.

ಇನ್ನೊಂದು ದಿನ ಡ್ರಿಂಕ್ ಲೆಕ್ಕ ಮಾಡುತ್ತಿದ್ದೆ. ಹತ್ತು ಗ್ರಾಂ ಶುದ್ಧ ಆಲ್ಕೋಹಾಲ್ ಅಂದರೆ ಒಂದು ಡ್ರಿಂಕ್. 180 ಎಂ.ಎಲ್. ಕ್ವಾರ್ಟರ್ ಬಾಟಲಿಯಲ್ಲಿ ಶೇ. 42.8 ಆಲ್ಕೋಹಾಲ್. ಗುಣಿಸಿ, ಎಂ.ಎಲ್. ಅನ್ನು ಗ್ರಾಂಗೆ ಬದಲಿಸಿ ನೋಡಿದರೆ ಸುಮಾರು 60 ಗ್ರಾಂ, ಅಂದರೆ ಒಂದು ಕ್ವಾರ್ಟರ್‌ಗೆ ಆರು ಡ್ರಿಂಕ್. ಕಾಕಾ ಸ್ವಲ್ಪ ಹೊತ್ತು ಸುಮ್ನಿದ್ದರು. "ಹಂಗಾದ್ರ ನಂದು ದಿನಾ ಹದಿನೆಂಟು" ಅಂದರು. ಎದ್ದು ವಾರ್ಡ್ ಸುತ್ತಲು ಹೋದರು. ಅವತ್ತು ಮತ್ತೆ ಓದಲಿಕ್ಕೆ ಕೂರಲಿಲ್ಲ.

ಈಗ ಏಪ್ರಿಲ್ ತಿಂಗಳ ಆ ರಾತ್ರಿ. ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಅವ್ವನನ್ನು ಕೇಳಿ ಬರೆಯುತ್ತಿದ್ದೇನೆ.

ಪರೀಕ್ಷೆಗೆ ಇಪ್ಪತ್ತು ದಿನ ಇತ್ತು. ಕುಡಿತ ನಿಲ್ಲಿಸಿದ ಮೇಲೆ ಮೈಯಲ್ಲಿ ಏನೇನಾಗುತ್ತದೆ ಅನ್ನುವ ಪಾಠ ಓದುತ್ತಿದ್ದೆ. ಹೊಸ ವಿಷಯ ಅಲ್ಲ, ನಾಲ್ಕು ವರ್ಷದಿಂದ ಕಣ್ಣಾರೆ ನೋಡುತ್ತಿರುವುದೇ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್. ಎಲ್ಲಿದ್ದೇವೆ ಅನ್ನುವುದು ತಿಳಿಯುವುದಿಲ್ಲ, ಇಲ್ಲದ್ದು ಕಾಣುತ್ತದೆ, ಮೈ ಕಾಯುತ್ತದೆ. ಔಷಧ ಸಿಗದಿದ್ದರೆ ಜೀವ ಹೋಗಬಹುದು. ಅದರ ಕೆಳಗೆ ಒಂದು ಸಾಲು ಇತ್ತು. ಈ ಸ್ಥಿತಿಯಲ್ಲಿ ಕೆಲವರು ತಾವು ದಿನಾ ಮಾಡುವ ಕೆಲಸವನ್ನೇ ಬರಿಗೈಯಲ್ಲಿ ಮಾಡುತ್ತಿರುತ್ತಾರೆ.

ನಮ್ಮಪ್ಪ ನೇಕಾರ.

2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆಯಿತು. ಅಪ್ಪ ಸಾರಾಯಿ ಪಾಕೀಟು ಬಿಟ್ಟು ಕ್ವಾರ್ಟರ್ ಹಿಡಿದ. ಮುಂದಿನ ವರ್ಷದ ಶ್ರಾವಣದಲ್ಲಿ, ಮೊದಲ ಸೋಮವಾರ, ಗುಡಿಗೆ ಹೋಗಿ ಕಾಯಿ ಒಡೆಸಿ "ಇನ್ನ ಮುಟ್ಟಂಗಿಲ್ಲ" ಅಂದ. ಅವ್ವ ಹೋಳಿಗೆ ಮಾಡಿದ್ದಳು. ಮರುದಿನ ಚಹಾದ ಕಪ್ಪು ಹಿಡಿಯಲಾಗದಷ್ಟು ಕೈ ನಡುಗುತ್ತಿತ್ತು. ಬುಧವಾರ ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಕೂತ, ಕುಣಿಮಗ್ಗದಲ್ಲಿ ಕೂತ ಹಾಗೆ. ಬಲಗೈಯಿಂದ ಎಡಗೈಗೆ ಲಾಳಿ ಎಸೆಯತೊಡಗಿದ. ಕಾಲು ತುಳಿಯುತ್ತಿತ್ತು. ನಡುನಡುವೆ ನಿಲ್ಲಿಸಿ, ಬಗ್ಗಿ, ಹರಿದ ಎಳೆ ಹುಡುಕಿ ಎರಡು ಬೆರಳಲ್ಲಿ ಗಂಟು ಹಾಕಿ ಮತ್ತೆ ಎಸೆಯುತ್ತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ನಾನು ಆಗ ಒಂಬತ್ತನೇ ಕ್ಲಾಸು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಾಳಿ ಸೋಕೇತಿ ಅಂದರು. ದಾರ ಕಟ್ಟಿಸಲು ಕರೆದುಕೊಂಡು ಹೋದರು. ಬೆಳಗಾದ ಮೇಲೆ ಆಸ್ಪತ್ರೆಗೆ ಅಂತ ಜೀಪು ಮಾಡಿದರು. ಆಸ್ಪತ್ರೆ ಮುಟ್ಟಲಿಲ್ಲ.

ಹದಿನೇಳು ವರ್ಷ ಊರೆಲ್ಲ ಹೇಳಿದ್ದು, ನಾನೂ ಹೇಳಿಕೊಂಡು ಬಂದದ್ದು ಒಂದೇ ಮಾತು. ನಮ್ಮಪ್ಪ ಕುಡಿದು ಸತ್ತ. ಇಲ್ಲ. ನಮ್ಮಪ್ಪ ಕುಡಿಯೋದು ಬಿಟ್ಟು ಸತ್ತ. ವಾರ್ಡಿನಲ್ಲಿ ಇಂಥವರನ್ನು ಎಷ್ಟು ಜನರನ್ನು ನೋಡಿದ್ದೇನೆ, ಅವರ ಮನೆಯವರಿಗೆ ಎಷ್ಟು ಸಲ ತಿಳಿಸಿ ಹೇಳಿದ್ದೇನೆ. ಒಂದು ದಿನವೂ ಅಪ್ಪನನ್ನು ಅವರ ಸಾಲಿನಲ್ಲಿ ನಿಲ್ಲಿಸಿ ನೋಡಿರಲಿಲ್ಲ. ಯಾಕೆ ಅಂತ ಈಗಲೂ ಗೊತ್ತಾಗುವುದಿಲ್ಲ. ಆ ರಾತ್ರಿ ಮಾತ್ರ ತಡೆಯಲಾಗಲಿಲ್ಲ. ಯಾರೋ ಒಬ್ಬರು ನಾಲ್ಕು ಮಾತ್ರೆ ಕೊಟ್ಟಿದ್ದರೆ, ಒಂದು ಬಿ1 ವಿಟಮಿನ್ ಇಂಜೆಕ್ಷನ್ ಹಾಕಿದ್ದರೆ, ನಾನು ಬಾಗಿಲಲ್ಲಿ ನಿಲ್ಲುವ ಬದಲು ಓಡಿಹೋಗಿ ಯಾರನ್ನಾದರೂ ಕರೆದಿದ್ದರೆ ಅಂತ ಅನಿಸಿ, ಪುಸ್ತಕ ಮುಚ್ಚಿ ಟೇಬಲ್ ಮೇಲೆ ತಲೆ ಇಟ್ಟು ಅತ್ತೆ. ಕಾಕಾ ಚಹಾ ತಂದರು. ಪರೀಕ್ಷೆಗೆ ಹೋಗುವುದಿಲ್ಲ, ಈ ಕೆಲಸವೂ ಬೇಡ ಅಂದೆ. ಎಲ್ಲ ಹೇಳಿದೆ.

ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಕಪಾಟಿನಿಂದ ಖಾಲಿ ಕೇಸ್ ಶೀಟ್ ತೆಗೆದು ನನ್ನ ಮುಂದಿಟ್ಟರು. "ಬರೀ ಯವ್ವಾ" ಅಂದರು. ಅಲ್ಲಿಯವರೆಗೂ ನಾನು ಅವರಿಗೆ ಮೇಡಮ್ಮಾರ.

"ಹೆಸರು?"

ಬರೆದೆ.

"ವಯಸ್ಸು?"

"ನಲವತ್ಮೂರು."

"ಉದ್ಯೋಗ? ದಿನಕ್ಕ ಎಷ್ಟು? ಎಷ್ಟ ವರ್ಷದಿಂದ?"

ನಾವು ದಿನಾ ಕೇಳುವ ಪ್ರಶ್ನೆಗಳೇ. ಒಂದೊಂದಾಗಿ ಕೇಳಿದರು, ಬರೆಯುವವರೆಗೂ ಕಾದರು.

"ಕೊನೀ ಸಲ ಕುಡದದ್ದು ಯಾವಾಗ?"

ಪೆನ್ನು ಅಲ್ಲೇ ನಿಂತಿತು. ಭಾನುವಾರ ರಾತ್ರಿ ಊಟಕ್ಕೆ ಮೊದಲು. ಸೋಮವಾರ ಬೆಳಿಗ್ಗೆ ಗುಡಿ. ಬುಧವಾರ ರಾತ್ರಿ ಲಾಳಿ. ಬೆರಳಲ್ಲಿ ಎಣಿಸಿದೆ. ಎಪ್ಪತ್ತೆರಡು ಗಂಟೆ. ಪುಸ್ತಕದಲ್ಲಿ ಇದ್ದ ಹಾಗೇ.

ಆಗ ಕಾಕಾ ಹೇಳಿದರು: "ನಾನೂ ಒಗದೇನಿ ಲಾಳಿ. ಆಸ್ಪತ್ರಿ ಮಂಚದ ಮ್ಯಾಲ ಕುಂತು ಸೆರಗಿನ ಕೊಂಡಿ ಕೂಡಸಾಕತ್ತಿದ್ನಂತ. ನಮ್ಮಾಕಿ ಹೇಳ್ತಾಳ, ನನಗ ನೆನಪಿಲ್ಲ. ಅಲ್ಲೊಬ್ಬ ಡಾಕ್ಟ್ರು ನಮ್ಮಾಕಿನ್ನ ಇದನ್ನ ಕೇಳಿದ್ರು, ಕೊನೀ ಸಲ ಯಾವಾಗ ಅಂತ. ಅದೊಂದ ಕೇಳಿದ್ದಕ್ಕ ಇವತ್ತ ನಿನ್ನ ಮುಂದ ಕುಂತೀನಿ. ನಿಮ್ಮಪ್ಪಗ ಕೇಳಾವ್ರ ಸಿಗಲಿಲ್ಲ. ನೀ ಇಲ್ಲಿ ಕುಂತು ಕೇಳಬೇಕು."

ಬೆಳಗಿನವರೆಗೂ ಅವರು ಎಲ್ಲಿಗೂ ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ವಾರ್ಡ್ ಸುತ್ತಿ ಬಂದು ಮತ್ತೆ ಅದೇ ಸ್ಟೂಲ್ ಮೇಲೆ ಕೂರುತ್ತಿದ್ದರು. ನಾನು ಶೀಟ್ ಪೂರ್ತಿ ತುಂಬಿದೆ. ಬೆವರು, ನಡುಕ, ಕಂಡದ್ದು, ಆಡಿದ ಮಾತು, ಎಲ್ಲ. ರೋಗ ಯಾವುದು ಅನ್ನುವ ಜಾಗ ಖಾಲಿ ಬಿಟ್ಟೆ. ಅದನ್ನು ಬರೆಯುವುದು ಡಾಕ್ಟರ ಕೆಲಸ. ಕೆಳಗೆ ಆಪ್ತಸಮಾಲೋಚಕರ ಸಹಿ ಅಂತ ಇತ್ತು. ಐದು ಗಂಟೆಗೆ ಸಹಿ ಹಾಕಿದೆ. ಕಾಕಾ ಹೋಗಿ ಗೇಟ್ ತೆಗೆದರು, ಹಾಲಿನವನು ಬಂದಿದ್ದ.

ಕಾಕಾ, ನಿಮಗೆ ಥ್ಯಾಂಕ್ಸ್ ಅನ್ನುವುದು ಬಾಯಿಗೆ ಬರುತ್ತಿಲ್ಲ. ನಿಮ್ಮ ಋಣ ದೊಡ್ಡದು.

ಅದಾದ ಮೇಲೆ ಓದು ಬೇರೆ ಥರ ಆಯಿತು. ಕುಡಿತ ಎಷ್ಟು ಮಿತಿ ಮೀರಿದೆ ಅಂತ ತಿಳಿಯಲು ಕೇಳುವ ಆಡಿಟ್‌ನ ಹತ್ತು ಪ್ರಶ್ನೆ, ಕೇಜ್‌ನ ನಾಲ್ಕು ಪ್ರಶ್ನೆ, ನಡುಕ ಬೆವರು ಅಳೆಯುವ ಸಿವಾ ಮಾಪಕದ 67 ಅಂಕ, ಯಾವುದನ್ನೂ ಬಾಯಿಪಾಠ ಮಾಡಬೇಕಾಗಲಿಲ್ಲ. ಒಂದೊಂದರ ಹಿಂದೆಯೂ ಒಬ್ಬೊಬ್ಬರ ಮುಖ ಇತ್ತು. ಪರೀಕ್ಷೆಯಲ್ಲಿ ಏನು ಬಂದಿತ್ತು ಅಂತ ತುಂಬಾ ಜನ ಕೇಳಿದ್ದೀರಿ. ಅದನ್ನು ಹೇಳುವಂತಿಲ್ಲ, ಕ್ಷಮಿಸಿ.

ಔಷಧದ ಪಾಠಗಳನ್ನು ಓಪಿಡಿ ಮುಗಿದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟ ಡಾಕ್ಟರ್ ಸರ್, ವಿಜಯಪುರ ಮತ್ತು ಬೆಳಗಾವಿಯಿಂದ ಪ್ರತಿ ಭಾನುವಾರ ಫೋನಿನಲ್ಲಿ ಜೊತೆಗೆ ಓದಿದ ಇಬ್ಬರು ಗೆಳತಿಯರು, ರಜೆ ಕೇಳಿದಾಗ ಇಲ್ಲ ಅನ್ನದ ನಮ್ಮ ಕೇಂದ್ರದ ಹಿರಿಯರು, ಫೀಸಿಗೆ ದುಡ್ಡು ಕೊಟ್ಟ ಅಣ್ಣ, ನಿಮಗೆಲ್ಲ ನನ್ನ ನಮಸ್ಕಾರ. ಬೆಂಗಳೂರಿಗೆ ಹೊರಟ ದಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿಸಲು ಸ್ಟೇಷನ್‌ವರೆಗೂ ಬಂದು, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಕಟ್ಟಿಕೊಟ್ಟ ವೈನಿ, ಆ ಬುತ್ತಿಯಲ್ಲಿ ನಿಮ್ಮ ಎರಡು ವರ್ಷದ ದುಡಿಮೆ ಇತ್ತು. ನನ್ನ ಮಗಳು ಈಗ ನನಗಿಂತ ನಿಮ್ಮ ಮಾತನ್ನೇ ಜಾಸ್ತಿ ಕೇಳುತ್ತಾಳೆ. ನನಗೆ ಅದು ಖುಷಿಯೇ.

ಫಲಿತಾಂಶ ಬಂದ ದಿನ ಇಳಕಲ್ಲಿಗೆ ಹೋದೆ. ಅವ್ವನಿಗೆ ಓದು ಬರುವುದಿಲ್ಲ. ಅಪ್ಪನ ಕೇಸ್ ಶೀಟ್ ಚೀಲದಲ್ಲಿತ್ತು. ಅಡುಗೆಮನೆಯಲ್ಲಿ ಕೂತು ಪೂರ್ತಿ ಓದಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಎಪ್ಪತ್ತೆರಡು ಗಂಟೆಯ ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡಳು. ಭಾನುವಾರ ರಾತ್ರಿ ಆದ ಮೇಲೆ ಒಂದು ಹನಿಯೂ ಕುಡಿದಿರಲಿಲ್ಲವಾ ಅಂತ ಕೇಳಿದಳು. ಇಲ್ಲವ್ವ, ಅದಕ್ಕೇ ಹಾಗಾಯಿತು ಅಂದೆ.

"ಹಂಗಾದ್ರ ಅವ ದೇವರಿಗೆ ಕೊಟ್ಟ ಮಾತ ಉಳಿಸ್ಕೊಂಡಿದ್ದ" ಅಂದಳು. ಆಮೇಲೆ ರೊಟ್ಟಿ ಬಡಿದಳು. ಆ ಶೀಟ್ ಈಗ ಅವಳ ಟ್ರಂಕಿನಲ್ಲಿ, ಅಪ್ಪ ನೇಯ್ದ ಕೊನೆಯ ಸೀರೆಯ ಮಡಿಕೆಯಲ್ಲಿದೆ.

ಇನ್ನೇನು ಶ್ರಾವಣ ಬಂತು. ನಮ್ಮ ಕಡೆ ಶ್ರಾವಣಕ್ಕೆ ಬಿಡುತ್ತೇನೆ ಅನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಬಿಡಲಿ, ಖಂಡಿತ ಬಿಡಲಿ. ಆದರೆ ದಿನಾ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ನಿಮ್ಮ ಮನೆಯಲ್ಲಿದ್ದರೆ, ಕಾಯಿ ಒಡೆಸುವ ಮೊದಲು ಒಬ್ಬ ಡಾಕ್ಟರಿಗೆ ತೋರಿಸಿ. ಮಾತ್ರೆ ಕೊಟ್ಟು ನಿಧಾನಕ್ಕೆ ಬಿಡಿಸುತ್ತಾರೆ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಬಿಟ್ಟ ಎರಡನೇ ದಿನ, ಮೂರನೇ ದಿನ ಇಲ್ಲದ್ದು ಕಾಣುತ್ತಿದೆ ಅಂದರೆ, ಬರಿಗೈಯಲ್ಲಿ ಏನೋ ಕೆಲಸ ಮಾಡುತ್ತಿದ್ದಾರೆ ಅಂದರೆ, ಬೆಳಗಾಗುವುದನ್ನು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಕೇಂದ್ರದಲ್ಲಿ ಶ್ರಾವಣಕ್ಕೆ ಅಂತ ಎರಡು ಹಾಸಿಗೆ ಜಾಸ್ತಿ ಹಾಕಿದ್ದೇವೆ. ಮೊದಲ ಸೋಮವಾರದಿಂದ ಗುರುವಾರದವರೆಗೆ ರಾತ್ರಿ ಕಾಕಾ ಜೊತೆ ನಾನೂ ಇರುತ್ತೇನೆ.