ಶನಿವಾರದ ಡ್ರಾಫ್ಟ್: ಎಲ್ಲರೂ ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ (ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟಿ, ಅವರ ಆಟದ ಅಂಕಿಗಳ ಮೇಲೆ ಪೈಪೋಟಿ ಮಾಡುವ ಆಟ) ಡ್ರಾಫ್ಟ್, ಅಂದ್ರೆ ಸರದಿಯಂತೆ ಆಟಗಾರರನ್ನು ಆರಿಸುವುದು, ಈ ಶನಿವಾರ ಪೆಸಿಫಿಕ್ ಸಮಯ ಸಂಜೆ 7ಕ್ಕೆ, ನ್ಯೂಜೆರ್ಸಿಯವರಿಗೆ ರಾತ್ರಿ 10. ಒಟ್ಟು 12 ತಂಡ, ಸ್ನೇಕ್ ಕ್ರಮ, ಅಂದ್ರೆ ಪ್ರತಿ ಸುತ್ತಿಗೂ ಸರದಿ ತಿರುಗುಮುರುಗಾಗುತ್ತದೆ. ಮೊದಲ ಸರದಿ ಸಿಕ್ಕವರಿಗೆ ಮುಂದಿನದು 24 ಮತ್ತು 25ನೇ ಸರದಿ, ಅಷ್ಟರಲ್ಲಿ ಒಳ್ಳೊಳ್ಳೆ ಆಟಗಾರರು ಹೋಗಿರುತ್ತಾರೆ, ಹಾಗಾಗಿ ನಾಲ್ಕೈದು ಹೆಸರು ಮೊದಲೇ ಬರೆದಿಟ್ಟುಕೊಳ್ಳಿ.

ಹೊಸಬರು ಬರೀ ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಹೊಡೆಯುವುದು) ನೋಡಿ ಆರಿಸಬೇಡಿ, ಸ್ಟೀಲ್‌ಗಳೂ (ಚೆಂಡು ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು) ಲೆಕ್ಕಕ್ಕೆ ಬರುತ್ತವೆ. 2024ರಲ್ಲಿ ಡಾಡ್ಜರ್ಸ್ ತಂಡದ ಒಹ್ತಾನಿ 54 ಹೋಮ್ ರನ್ ಜೊತೆ 59 ಸ್ಟೀಲ್ ಮಾಡಿದ್ದು ನೆನಪಿದೆ ಅಲ್ವಾ? ಕ್ಲೋಸರ್‌ಗಳಿಗೆ (ಪಂದ್ಯದ ಕೊನೆಯಲ್ಲಿ ಬಂದು ಮುನ್ನಡೆ ಕಾಯುವ ಪಿಚರ್‌ಗಳಿಗೆ, ಅಂದ್ರೆ ಚೆಂಡು ಎಸೆಯುವವರಿಗೆ) ಮೊದಲ ಸುತ್ತುಗಳನ್ನು ಸುಮ್ನೆ ಕಳೆಯಬೇಡಿ. ಸೀಸನ್ ನಡುವೆ ಆ ಜಾಗಕ್ಕೆ ಹೊಸ ಆಟಗಾರರು ಬರುತ್ತಲೇ ಇರುತ್ತಾರೆ.

ಬರಲಾಗದವರು ಶುಕ್ರವಾರದೊಳಗೆ ಆ್ಯಪ್‌ನಲ್ಲಿ ನಿಮ್ಮ ಪಟ್ಟಿ ಹಾಕಿಡಿ, ಇಲ್ಲಾಂದ್ರೆ ಅದೇ ಆರಿಸಿಬಿಡುತ್ತದೆ. ಬರ್ತೀರೋ ಇಲ್ವೋ, ದಯವಿಟ್ಟು ಇವತ್ತೇ ಇಲ್ಲಿ ತಿಳಿಸಿ.